‘ವೈಂಡ್ ಅಪ್’ ಎಂಬ ಮಾತು



ಇಂಗ್ಲಿಷ್ ಭಾಷೆಯ ಒಂದು ಸಣ್ಣ ಮಾತನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ‘ವೈಂಡ್ ಅಪ್’ ಎಂಬುದೇ ಆ ಮಾತು. ಇದು ನಿಮಗೆ ಹೊಸತಲ್ಲ. ಗಡಿಯಾರದ ವಿಷಯದಲ್ಲಿ, ಸಭೆಯ ವಿಷಯದಲ್ಲಿ, ವ್ಯಾಪಾರದ ವಿಷಯದಲ್ಲಿ ನೀವೆಲ್ಲರೂ ಇದನ್ನು ಕೇಳಿರುತ್ತೀರಿ, ಆಡಿಯೂ ಇರುತ್ತೀರಿ. ಇಷ್ಟು ಪರಿಚಿತವಾದ ಮಾತಿಗೆ ವ್ಯಾಖ್ಯಾನವೇಕೆ ಎಂದು ನೀವು ಕೇಳಬಹುದು. ಪರಿಚಿತವಾದ ಮಾತೇ ಒಮ್ಮೊಮ್ಮೆ ನಮ್ಮನ್ನು ಹೆಚ್ಚಾಗಿ ಮೋಸಗೊಳಿಸುತ್ತದೆ ಎಂಬುದು ನನ್ನ ಉತ್ತರ. ಅದನ್ನು ನಾನು ಕಲಿತುದು ತರಗತಿಯಲ್ಲಲ್ಲ, ಶಿಡ್ಲಘಟ್ಟದ ಒಂದು ಮನೆಯ ಪಡಸಾಲೆಯಲ್ಲಿ.

1997ನೆಯ ಇಸವಿಯ ಮಾತು. ನಾನು ಆಗ ಚಿಕ್ಕಬಳ್ಳಾಪುರದಲ್ಲಿ ಪಿ.ಯು.ಸಿ. ತರಗತಿಯಲ್ಲಿ ಓದುತ್ತಿದ್ದ ಹುಡುಗ. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕಗಳು ಬರುತ್ತಿದ್ದುದರಿಂದ, ನಮ್ಮ ಬಂಧುವರ್ಗದಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದನ್ನು ಓದಿ ಅರ್ಥ ಹೇಳುವ ಅಧಿಕಾರ ನನ್ನ ಪಾಲಿಗೆ ಬಂದಿತ್ತು. ನಮ್ಮ ದೊಡ್ಡಪ್ಪನವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಸಬಿನವರು. ದೂರದ ಊರಿನ ಒಂದು ಸಂಸ್ಥೆಗೆ ಅವರು ನೂಲನ್ನು ಸಾಲವಾಗಿ ಕೊಡುತ್ತಿದ್ದರು. ಆ ಸಂಸ್ಥೆಯಿಂದ ಹದಿನೆಂಟು ಸಾವಿರ ರೂಪಾಯಿ ಬಾಕಿ ಬರಬೇಕಾಗಿತ್ತು. ಹೀಗಿರುವಾಗ ಒಂದು ದಿನ ಅವರಿಗೆ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಒಂದು ಕಾಗದ ಬಂದಿತು.

“ಏನಂತಪ್ಪ ಕಾಗದದಲ್ಲಿ?” ಎಂದು ದೊಡ್ಡಪ್ಪ ಕೇಳಿದರು.

ಮೊದಲನೆಯ ವಾಕ್ಯದಲ್ಲಿಯೇ ಸಂಸ್ಥೆಯ ವ್ಯವಹಾರಗಳನ್ನು ‘ವೈಂಡ್ ಅಪ್’ ಮಾಡಲಾಗುತ್ತಿದೆ ಎಂದಿತ್ತು. ನನಗೆ ಅರ್ಥ ತಿಳಿದಿತ್ತು. ಅಥವಾ ತಿಳಿದಿತ್ತೆಂದು ನಾನು ನಂಬಿದ್ದೆ. “ಕಂಪನಿ ಮುಚ್ಚಿಹೋಯಿತಂತೆ, ದೊಡ್ಡಪ್ಪ” ಎಂದೆ.

“ಕೆಳಗಡೆ ಇನ್ನೂ ಏನೋ ಬರೆದಿದೆಯಲ್ಲ?”

“ಅದೆಲ್ಲ ವಾಡಿಕೆಯ ಒಕ್ಕಣೆ.”

ದೊಡ್ಡಪ್ಪನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಚ್ಚಿದ ಬಾಗಿಲು ತಟ್ಟಿ ಫಲವೇನು? ಹೋಯಿತು ಬಿಡು” ಎಂದು ಹೇಳಿ, ಕಾಗದವನ್ನು ಮಡಿಸಿ ಪಂಚಾಂಗದ ನಡುವೆ ಇಟ್ಟುಬಿಟ್ಟರು. ನಾನು ಹೇಳಿದ ಅರ್ಥ ಸರಿಯೇ ತಪ್ಪೇ ಎಂಬುದನ್ನು ಈಗಲೇ ತೀರ್ಮಾನಿಸುವುದು ಬೇಡ. ಮೊದಲು ಆ ಮಾತಿನ ಹುಟ್ಟನ್ನೂ ಅದು ನಡೆದುಬಂದ ದಾರಿಯನ್ನೂ ನೋಡೋಣ.

ಇಂಗ್ಲಿಷ್ ಭಾಷೆಯಲ್ಲಿ ಒಂದು ವಿಶೇಷವುಂಟು. ಕಮ್, ಗೋ, ಪುಟ್, ಟೇಕ್ ಮೊದಲಾದ ಚಿಕ್ಕ ಚಿಕ್ಕ ಕ್ರಿಯಾಪದಗಳ ಹಿಂದೆ ಅಪ್, ಆಫ್, ಔಟ್ ಮೊದಲಾದ ಇನ್ನೂ ಚಿಕ್ಕ ಅವ್ಯಯಗಳನ್ನು ಸೇರಿಸಿದರೆ, ಎರಡರ ಅರ್ಥಗಳನ್ನು ಕೂಡಿಸಿದರೂ ದೊರೆಯದ ಮೂರನೆಯದೊಂದು ಅರ್ಥ ಹುಟ್ಟಿಕೊಳ್ಳುತ್ತದೆ. 1755ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್ಸನ್ನರು, ಪರದೇಶೀಯರಿಗೆ ಅತ್ಯಂತ ಕಷ್ಟವನ್ನುಂಟುಮಾಡುವುದು ಈ ಬಗೆಯ ಜೋಡಣೆಯೇ ಎಂಬುದನ್ನು ಮುನ್ನುಡಿಯಲ್ಲಿ ಎತ್ತಿ ಹೇಳಿದ್ದಾರೆ. ಇಂಥ ಜೋಡಿಗೆ ‘ಫ್ರೇಜಲ್ ವರ್ಬ್’ ಎಂಬ ಹೆಸರನ್ನು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ತರು ತಮ್ಮ ಗ್ರಂಥವೊಂದರಲ್ಲಿ ಬಳಕೆಗೆ ತಂದರು. ಆ ಹೆಸರನ್ನು ತಮಗೆ ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರಾಡ್ಲಿಯವರೆಂದು ಅವರೇ ತಿಳಿಸಿದ್ದಾರೆ. ನಾವು ಇದನ್ನು ಜೋಡಿ ಕ್ರಿಯಾಪದವೆಂದು ಕರೆಯೋಣ.

ಕನ್ನಡಿಗರಿಗೆ ಈ ರೀತಿ ತೀರ ಅಪರಿಚಿತವೇನೂ ಅಲ್ಲ. ನಮ್ಮಲ್ಲಿಯೂ ತಿಂದುಬಿಡು, ಸುಟ್ಟುಹಾಕು, ಬರೆದುಕೊಳ್ಳು, ಒಡೆದುಹೋಗು ಎಂಬ ಜೋಡಿಗಳುಂಟು. ತಿಂದುಬಿಡು ಎಂದಾಗ ನಾವು ಯಾವುದನ್ನೂ ಕೈಯಿಂದ ಬಿಡುವುದಿಲ್ಲ. ತಿನ್ನುವ ಕೆಲಸವನ್ನು ಪೂರ್ತಿ ಮಾಡುತ್ತೇವೆ. ಇಂಗ್ಲಿಷಿನ ‘ಅಪ್’ ಎಂಬುದೂ ಎಷ್ಟೋ ಕಡೆ ಇದೇ ಕೆಲಸವನ್ನು ಮಾಡುತ್ತದೆ. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದು ಮುಗಿಸು. ‘ಬರ್ನ್’ ಎಂದರೆ ಸುಡು, ‘ಬರ್ನ್ ಅಪ್’ ಎಂದರೆ ಸುಟ್ಟು ಬೂದಿ ಮಾಡು. ‘ಯೂಸ್’ ಎಂದರೆ ಬಳಸು, ‘ಯೂಸ್ ಅಪ್’ ಎಂದರೆ ಬಳಸಿ ಬರಿದುಮಾಡು. ಇಲ್ಲೆಲ್ಲ ‘ಅಪ್’ ಎಂಬುದಕ್ಕೆ ‘ಮೇಲೆ’ ಎಂದು ಅರ್ಥಮಾಡುವ ವಿದ್ಯಾರ್ಥಿ ದಾರಿ ತಪ್ಪುತ್ತಾನೆ. ಅಲ್ಲಿ ‘ಅಪ್’ ಎಂದರೆ ‘ಕೊನೆಯವರೆಗೆ’, ‘ಏನೂ ಉಳಿಯದಂತೆ’ ಎಂದು.

ಇನ್ನು ‘ವೈಂಡ್’ ಎಂಬ ಧಾತು. ತಿರುಗಿಸು, ಸುತ್ತು, ಹೊಸೆ ಎಂಬುದು ಅದರ ಹಳೆಯ ಅರ್ಥ. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ರೂಪ ‘ವಿಂಡನ್’. ಹೋಗು ಎಂಬರ್ಥದ ‘ಗೋ’ ಧಾತುವಿಗೆ ಭೂತಕಾಲದಲ್ಲಿ ‘ವೆಂಟ್’ ಎಂಬ ಸಂಬಂಧವಿಲ್ಲದ ರೂಪ ಹೇಗೆ ಬಂದಿತೆಂದು ಮಕ್ಕಳು ಕೇಳುವುದುಂಟು. ಆ ‘ವೆಂಟ್’ ಕೂಡ ಈ ‘ವೈಂಡ್’ ಧಾತುವಿನ ಬಳಗಕ್ಕೇ ಸೇರಿದ ‘ವೆಂಡ್’ ಎಂಬುದರ ಭೂತಕಾಲ. ನಮ್ಮ ಸುತ್ತು ಎಂಬ ಧಾತುವಿನ ಬಳಗವೂ ದೊಡ್ಡದೇ. ಕನ್ನಡದ ಸುತ್ತು, ತೆಲುಗಿನ ಚುಟ್ಟು, ಇವೆರಡೂ ಒಂದೇ ಮೂಲದಿಂದ ಬಂದವು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಎರಡು ಭಾಷೆಗಳನ್ನೂ ಒಂದೇ ಉಸಿರಿನಲ್ಲಿ ಆಡುವ ನಮಗೆ ಇದಕ್ಕೆ ಪ್ರಮಾಣ ಬೇಕಾಗಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಗಾಳಿ ಎಂಬರ್ಥದ ‘ವಿಂಡ್’ ಎಂಬ ಪದವನ್ನೂ ಸುತ್ತು ಎಂಬರ್ಥದ ‘ವೈಂಡ್’ ಎಂಬುದನ್ನೂ ಇಂಗ್ಲಿಷಿನಲ್ಲಿ ಅವೇ ನಾಲ್ಕು ಅಕ್ಷರಗಳಿಂದ ಬರೆಯುತ್ತಾರೆ. ಎರಡಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಇಷ್ಟಕ್ಕೇ ತೊಂದರೆ ಮುಗಿಯುವುದಿಲ್ಲ. ‘ವೈಂಡ್’ ಧಾತುವಿನ ಭೂತಕಾಲ ‘ವೌಂಡ್’. ಗಾಯ ಎಂಬರ್ಥದ ‘ವೂಂಡ್’ ಎಂಬುದನ್ನೂ ಅವೇ ಐದು ಅಕ್ಷರಗಳಿಂದ ಬರೆಯುತ್ತಾರೆ. ಒಂದು ಸಂಸ್ಥೆಯ ಕಥೆ ಹೇಳುವ ಪಾಠದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ‘ವೌಂಡ್ ಅಪ್’ ಎಂಬುದನ್ನು ‘ವೂಂಡ್ ಅಪ್’ ಎಂದು ಓದಿ, ಸಂಸ್ಥೆಗೆ ಪೆಟ್ಟುಬಿದ್ದಿತೆಂದು ಅರ್ಥ ಬಿಡಿಸಿದ. ತಪ್ಪಿನಲ್ಲಿಯೂ ಅವನು ಸತ್ಯಕ್ಕೆ ಬಹಳ ದೂರವಿರಲಿಲ್ಲ! ಇದರ ಜೊತೆಗೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಸಿಪಾಯಿಗಳ ಬಾಯಿಂದ ಪ್ರಚಾರಕ್ಕೆ ಬಂದ ‘ಗೆಟ್ ದ ವಿಂಡ್ ಅಪ್’ ಎಂಬ ಇನ್ನೊಂದು ಮಾತುಂಟು. ಅಲ್ಲಿರುವುದು ಗಾಳಿ, ಅರ್ಥ ಹೆದರಿಕೊಳ್ಳುವುದು ಎಂದು. ಅಕ್ಷರಗಳು ಒಂದೇ ಎಂದು ನಂಬಿ ಅದನ್ನು ನಮ್ಮ ಇಂದಿನ ಮಾತಿನೊಡನೆ ಬೆರೆಸಬಾರದು.

ಈಗ ಅರ್ಥಗಳಿಗೆ ಬರೋಣ. ಮೊದಲನೆಯ ಅರ್ಥವನ್ನು ನೋಡುವುದಕ್ಕೆ ಶಿಡ್ಲಘಟ್ಟಕ್ಕಿಂತ ಒಳ್ಳೆಯ ಸ್ಥಳ ಸಿಗುವುದು ಕಷ್ಟ. ಅಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡ ರೇಷ್ಮೆ ಗೂಡುಗಳನ್ನು ಮನೆಗೆ ತಂದು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಎಳೆಯನ್ನು ಗೂಡಿಗೆ ಅಂಟಿಸಿಕೊಂಡಿರುವ ಗೋಂದು ಆಗ ಮೆತ್ತಗಾಗುತ್ತದೆ. ಗೂಡಿನ ಮೇಲಿನ ಸಿಕ್ಕನ್ನು ತೆಗೆದು ಎಳೆಯ ನಿಜವಾದ ತುದಿಯನ್ನು ಹುಡುಕಬೇಕು. ಒಂದು ಗೂಡಿನ ಎಳೆ ಎರಡು ಮೂರು ಡೆನಿಯರಿನಷ್ಟೇ ತೆಳುವಾದುದು. ಒಂಬತ್ತು ಸಾವಿರ ಮೀಟರು ಉದ್ದದ ಎಳೆ ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರೆಂದು ಲೆಕ್ಕ. ಆದಕಾರಣ ಇಪ್ಪತ್ತು ಇಪ್ಪತ್ತೆರಡು ಡೆನಿಯರಿನ ನೂಲು ಬೇಕಾದರೆ ಸುಮಾರು ಎಂಟು ಹತ್ತು ಗೂಡುಗಳ ಎಳೆಗಳನ್ನು ಒಟ್ಟಿಗೆ ಸೇರಿಸಿ ರಾಟೆಗೆ ಏರಿಸುತ್ತಾರೆ. ಒಂದೊಂದು ಗೂಡಿನಿಂದಲೂ ಕಡಿಯದೆ ಬರುವ ಎಳೆ ನೂರಾರು ಮೀಟರು. ಉತ್ತಮವಾದ ದ್ವಿತಳಿ ಗೂಡಾದರೆ ಅದು ಸಾವಿರ ಮೀಟರನ್ನು ಮೀರುವುದೂ ಉಂಟು. ನಡುವೆ ಎಳೆ ಕಡಿದರೆ ಗೂಡನ್ನು ಎಸೆಯುವುದಿಲ್ಲ. ತುದಿಯನ್ನು ಮತ್ತೆ ಹುಡುಕಿ ಹಚ್ಚುತ್ತಾರೆ. ಕೊನೆಗೆ ಎಳೆಯೆಲ್ಲ ರಾಟೆಗೆ ಬಂದು ಒಳಗಿನ ಹುಳುವೊಂದೇ ಬಾನಿಯಲ್ಲಿ ಉಳಿಯುತ್ತದೆ. ಹೀಗೆ ನೂಲನ್ನು ತುದಿಯಿಂದ ಕೊನೆಯವರೆಗೆ ಸುತ್ತಿ ಒಟ್ಟುಮಾಡುವುದೇ ‘ವೈಂಡ್ ಅಪ್’ ಎಂಬುದರ ಮೂಲದ ಅರ್ಥ.

ಇಲ್ಲಿ ಒಂದು ವಿನೋದವುಂಟು. ಈ ಕೆಲಸಕ್ಕೆ ಕನ್ನಡದಲ್ಲಿ ನಾವು ಇಟ್ಟಿರುವ ಹೆಸರು ‘ನೂಲು ಬಿಚ್ಚಾಣಿಕೆ’. ಕನ್ನಡಿಗನ ಕಣ್ಣು ಗೂಡಿನ ಮೇಲಿದೆ. ಅಲ್ಲಿ ನೂಲು ಬಿಚ್ಚಿಕೊಳ್ಳುತ್ತಿದೆ. ಇಂಗ್ಲಿಷರು ಇದನ್ನು ‘ರೀಲಿಂಗ್’ ಎನ್ನುತ್ತಾರೆ. ಅವರ ಕಣ್ಣು ರಾಟೆಯ ಮೇಲಿದೆ. ಅಲ್ಲಿ ನೂಲು ಸುತ್ತಿಕೊಳ್ಳುತ್ತಿದೆ. ಕೆಲಸ ಒಂದೇ. ಒಂದು ಕಡೆ ಬಿಚ್ಚದೆ ಇನ್ನೊಂದು ಕಡೆ ಸುತ್ತುವುದು ಸಾಧ್ಯವಿಲ್ಲ. ಈ ಅಂಶವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಪ್ರಯೋಜನಕ್ಕೆ ಬರುತ್ತದೆ.

ಎರಡನೆಯ ಅರ್ಥ ಗಡಿಯಾರದ್ದು. ‘ವೈಂಡ್ ಅಪ್ ದ ಕ್ಲಾಕ್’ ಎಂದರೆ ಗಡಿಯಾರಕ್ಕೆ ಕೀ ಕೊಡು ಎಂದು. ಹಳೆಯ ಗೋಡೆ ಗಡಿಯಾರಗಳೊಳಗಿನ ಉಕ್ಕಿನ ಪಟ್ಟಿಯನ್ನು ಕೀಲಿಯಿಂದ ತಿರುಗಿಸಿ ಬಿಗಿಯಾಗಿ ಸುತ್ತಿಟ್ಟರೆ, ಅದು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತ ಮುಳ್ಳುಗಳನ್ನು ನಡೆಸುತ್ತದೆ. ಇದರಿಂದಲೇ ಮನುಷ್ಯರ ಮನಸ್ಸಿಗೂ ಈ ಮಾತು ಹತ್ತಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದೆ ಬಿಗಿದುಕೊಂಡಿರುವ ಹುಡುಗನನ್ನು ‘ವೌಂಡ್ ಅಪ್’ ಆಗಿದ್ದಾನೆ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅವನು ಹಾಯಾಗಿ ಕಾಲುಚಾಚಿ ಕುಳಿತರೆ ‘ಅನ್‌ವೈಂಡ್’ ಆಗುತ್ತಿದ್ದಾನೆ ಎನ್ನುತ್ತಾರೆ. ಬ್ರಿಟನ್ನಿನ ಆಡುಮಾತಿನಲ್ಲಿ ಒಬ್ಬನನ್ನು ಬೇಕೆಂದೇ ಕೆಣಕಿ ರೇಗಿಸುವುದಕ್ಕೂ ‘ವೈಂಡ್ ಅಪ್’ ಎಂದೇ ಹೆಸರು. ನಮ್ಮ ಕಡೆಯ ಆಡುಮಾತಿನಲ್ಲಿಯೂ, ಯಾರಾದರೂ ಕಾರಣವಿಲ್ಲದೆ ಜಗಳಕ್ಕೆ ಬಂದರೆ “ಇವನಿಗೆ ಯಾರೋ ಕೀ ಕೊಟ್ಟು ಕಳಿಸಿದ್ದಾರೆ” ಎನ್ನುವುದಿಲ್ಲವೆ? ಗಡಿಯಾರ ಎರಡು ದೇಶಗಳಲ್ಲಿಯೂ ಒಂದೇ ಪಾಠವನ್ನು ಹೇಳಿಕೊಟ್ಟಿದೆ.

ಮೂರನೆಯ ಅರ್ಥ ಸಭೆಗಳಲ್ಲಿ ಕೇಳಬರುವುದು. ಚಿಂತಾಮಣಿಯಲ್ಲಿ ನಡೆದ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು ನಿಗದಿಯಾದ ಕಾಲವನ್ನು ಮೀರಿ ಮಾತನಾಡುತ್ತಿದ್ದರು. ಅಧ್ಯಕ್ಷರು ಒಂದು ಚೀಟಿಯಲ್ಲಿ ‘ವೈಂಡ್ ಅಪ್’ ಎಂಬ ಎರಡು ಮಾತುಗಳನ್ನು ಬರೆದು ಅವರ ಮುಂದಿಟ್ಟರು. ಭಾಷಣಕಾರರು ಅದನ್ನು ನೋಡಿದರು, ಆಡುತ್ತಿದ್ದ ವಾಕ್ಯದ ಕ್ರಿಯಾಪದವನ್ನೂ ಹೇಳದೆ ಹೋಗಿ ಕುಳಿತುಬಿಟ್ಟರು. ಸಭಿಕರು ನಕ್ಕರು, ಅಧ್ಯಕ್ಷರಿಗೆ ನಾಚಿಕೆಯಾಯಿತು. ಚೀಟಿಯ ಆಶಯ ‘ನಿಲ್ಲಿಸಿ’ ಎಂಬುದಾಗಿರಲಿಲ್ಲ. ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾಪ್’ ಎಂಬ ನೇರವಾದ ಮಾತೇ ಇದೆ. ‘ವೈಂಡ್ ಅಪ್’ ಎಂದರೆ, ಹರಡಿಕೊಂಡಿರುವ ವಿಷಯಗಳನ್ನು ಒಂದೆಡೆಗೆ ತಂದು, ಹೇಳಲೇಬೇಕಾದುದನ್ನು ಹೇಳಿ, ಕ್ರಮವಾಗಿ ಮುಗಿಸಿ ಎಂದು ಅರ್ಥ. ಹರಿಕಥೆಯ ದಾಸರು ಉಪಕಥೆಗಳನ್ನೆಲ್ಲ ಮೂಲಕಥೆಗೆ ಸೇರಿಸಿ ಆಮೇಲೆ ಮಂಗಳ ಹಾಡುತ್ತಾರೆ. ನಡುವೆ ತಾಳ ಕೆಳಗಿಟ್ಟು ಎದ್ದುಹೋದರೆ ಅದು ಮಂಗಳವೆನಿಸುವುದಿಲ್ಲ.

ನಾಲ್ಕನೆಯ ಅರ್ಥಕ್ಕೆ ಗೌರಿಬಿದನೂರಿನ ರೈಲನ್ನು ಹತ್ತಬೇಕು. ಬೆಂಗಳೂರಿನಿಂದ ಗೌರಿಬಿದನೂರಿಗೆ ಹೊರಟ ನನ್ನ ಸ್ನೇಹಿತರೊಬ್ಬರು ಗಾಡಿಯಲ್ಲಿ ಗಾಢವಾಗಿ ನಿದ್ರೆಹೋದರು. ಎಚ್ಚರವಾದಾಗ ಎದುರಿಗೆ ಕಂಡದ್ದು ಗಡಿಯಾಚೆಯ ಹಿಂದೂಪುರದ ನಿಲ್ದಾಣ. ಇಂಥದನ್ನು ಇಂಗ್ಲಿಷಿನಲ್ಲಿ ‘ಹೀ ವೌಂಡ್ ಅಪ್ ಇನ್ ಹಿಂದೂಪುರ್’ ಎಂದು ಹೇಳುವುದುಂಟು. ಇಚ್ಛಿಸದೆ, ಹೇಗೆಹೇಗೋ ಸಾಗಿ, ಕೊನೆಗೆ ಒಂದು ಸ್ಥಳವನ್ನೋ ಸ್ಥಿತಿಯನ್ನೋ ಮುಟ್ಟುವುದು ಎಂಬುದು ಇದರ ಭಾವ. ಜಗಳ ಬಿಡಿಸಲು ಹೋದವನು ತಾನೇ ಠಾಣೆಯಲ್ಲಿ ‘ವೈಂಡ್ ಅಪ್’ ಆಗಬಹುದು. ಅಗ್ಗದ ಸರಕನ್ನು ಕೊಂಡವನು ರಿಪೇರಿಗೆ ಎರಡರಷ್ಟು ಹಣ ತೆತ್ತು ‘ವೈಂಡ್ ಅಪ್’ ಆಗಬಹುದು. ಕನ್ನಡದಲ್ಲಿ ಇದಕ್ಕೆ ‘ಕೊನೆಗೆ ಹೋಗಿ ಸೇರಿದ’, ‘ಕಡೆಗೆ ಹೀಗಾಯಿತು’ ಎಂದರೆ ಸಾಕು. ಇಲ್ಲಿ ಕರ್ಮಪದವಿಲ್ಲ ಎಂಬುದನ್ನು ಗಮನಿಸಬೇಕು. ಯಾರೂ ಯಾವುದನ್ನೂ ಸುತ್ತುತ್ತಿಲ್ಲ, ಮನುಷ್ಯನೇ ಸುತ್ತಿ ಬಂದು ನಿಂತಿದ್ದಾನೆ.

ವ್ಯಾಕರಣದ ಒಂದು ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕರ್ಮಪದವಿರುವ ಕಡೆ, ಈ ಜೋಡಿಯನ್ನು ಕೂಡಿಸಿಯೂ ಹೇಳಬಹುದು, ಬಿಡಿಸಿಯೂ ಹೇಳಬಹುದು. ‘ವೈಂಡ್ ಅಪ್ ದ ಕ್ಲಾಕ್’ ಎಂಬುದೂ ಸರಿ, ‘ವೈಂಡ್ ದ ಕ್ಲಾಕ್ ಅಪ್’ ಎಂಬುದೂ ಸರಿ. ಆದರೆ ಕರ್ಮವು ಸರ್ವನಾಮವಾದಾಗ ಅದು ನಡುವೆಯೇ ಬರತಕ್ಕದ್ದು: ‘ವೈಂಡ್ ಇಟ್ ಅಪ್’ ಎನ್ನಬೇಕೇ ಹೊರತು ‘ವೈಂಡ್ ಅಪ್ ಇಟ್’ ಎನ್ನಬಾರದು. ಹಾಗೆಯೇ ‘ವೈಂಡ್ ಡೌನ್’ ಎಂಬ ಇನ್ನೊಂದು ಜೋಡಿಯುಂಟು. ಅಪ್ ಮತ್ತು ಡೌನ್ ಪರಸ್ಪರ ವಿರುದ್ಧವಾದರೂ ಈ ಎರಡು ಜೋಡಿಗಳೂ ಮುಗಿಯುವುದನ್ನೇ ಹೇಳುತ್ತವೆ. ಕೀ ಇಳಿದ ಗಡಿಯಾರದಂತೆ ವೇಗ ತಗ್ಗುತ್ತ ತಗ್ಗುತ್ತ ಬರುವುದು ‘ವೈಂಡ್ ಡೌನ್’. ಕೊನೆಯ ಗಂಟನ್ನೂ ಹಾಕಿ ಮುಗಿಸುವುದು ‘ವೈಂಡ್ ಅಪ್’.

ಇನ್ನು ಉಳಿದಿರುವುದು ಐದನೆಯ ಅರ್ಥ; ದೊಡ್ಡಪ್ಪನವರ ಕಾಗದದಲ್ಲಿದ್ದ ಅರ್ಥ. ಇದು ಕಾನೂನಿಗೆ ಸೇರಿದ್ದು. ಇಂಗ್ಲೆಂಡಿನಲ್ಲಿ 1844ರಷ್ಟು ಹಿಂದೆಯೇ ಕೂಡುಬಂಡವಾಳದ ಸಂಸ್ಥೆಗಳ ‘ವೈಂಡಿಂಗ್ ಅಪ್’ ವಿಷಯವಾಗಿ ಪ್ರತ್ಯೇಕ ಶಾಸನವಾಯಿತು. ಭಾರತದ 1913ರ ಕಂಪನಿ ಶಾಸನದಲ್ಲಿಯೂ, ಅದರ ಸ್ಥಾನದಲ್ಲಿ ಬಂದ 1956ರ ಶಾಸನದಲ್ಲಿಯೂ, ಆಮೇಲಿನ 2013ರ ಶಾಸನದಲ್ಲಿಯೂ ಈ ಮಾತು ಮುಂದುವರಿದಿದೆ. ಸಾಲ ತೀರಿಸಲಾರದ ಸಂಸ್ಥೆಗಳ ವಿಷಯ 2016ರ ದಿವಾಳಿ ಸಂಹಿತೆಗೆ ಸೇರಿಹೋಗಿದೆ. ಅಲ್ಲಿ ‘ಲಿಕ್ವಿಡೇಷನ್’ ಎಂಬ ಹೆಸರು ಬಳಕೆಯಲ್ಲಿದೆ. ನಮ್ಮ ಸಹಕಾರ ಸಂಘಗಳಿಗೆ ಅನ್ವಯಿಸುವ 1959ರ ಕರ್ನಾಟಕದ ಶಾಸನದಲ್ಲಿಯೂ ‘ವೈಂಡಿಂಗ್ ಅಪ್’ ಉಂಟು. ಕನ್ನಡದ ಕಚೇರಿ ಕಾಗದಗಳಲ್ಲಿ ಇದಕ್ಕೆ ‘ಸಮಾಪನೆ’ ಎಂದು ಬರೆಯುತ್ತಾರೆ.

ಈ ಸಮಾಪನೆಯಲ್ಲಿ ನಡೆಯುವುದೇನು? ಮೊದಲು ಲಿಕ್ವಿಡೇಟರ್ ಎಂಬ ಒಬ್ಬ ಅಧಿಕಾರಿ ನೇಮಕವಾಗುತ್ತಾನೆ. ಸಂಸ್ಥೆಯ ಆಸ್ತಿ ಎಲ್ಲೆಲ್ಲಿದೆಯೋ ಅದನ್ನೆಲ್ಲ ಅವನು ವಶಕ್ಕೆ ತೆಗೆದುಕೊಂಡು ಮಾರಿ ಹಣಮಾಡುತ್ತಾನೆ. ಸಂಸ್ಥೆಗೆ ಬರಬೇಕಾದ ಬಾಕಿಗಳನ್ನು ವಸೂಲುಮಾಡುತ್ತಾನೆ. ಸಂಸ್ಥೆಯಿಂದ ಯಾರುಯಾರಿಗೆ ಹಣ ಸಲ್ಲಬೇಕೋ ಅವರೆಲ್ಲರೂ ಗೊತ್ತಾದ ದಿನದೊಳಗೆ ತಮ್ಮ ಲೆಕ್ಕಗಳನ್ನು ಆಧಾರಸಹಿತವಾಗಿ ಒಪ್ಪಿಸಬೇಕೆಂದು ತಿಳಿಸುತ್ತಾನೆ. ಆಮೇಲೆ ಖರ್ಚುವೆಚ್ಚಗಳು, ಕೆಲಸಗಾರರ ಸಂಬಳ, ಆಧಾರವಿಟ್ಟುಕೊಂಡು ಸಾಲ ಕೊಟ್ಟವರ ಹಣ, ಇತರ ಸಾಲಗಾರರ ಹಣ, ಹೀಗೆ ಕಾನೂನು ಹೇಳಿದ ಕ್ರಮದಲ್ಲಿ ಹಂಚಿಕೆಯಾಗುತ್ತದೆ. ಎಲ್ಲರಿಗೂ ಕೊಟ್ಟು ಮಿಕ್ಕದ್ದಿದ್ದರೆ ಪಾಲುದಾರರಿಗೆ. ಇಷ್ಟೆಲ್ಲ ಆದ ಮೇಲೆಯೇ ಸಂಸ್ಥೆ ವಿಸರ್ಜನೆಯಾಗುವುದು. ಎಂದರೆ, ‘ವೈಂಡ್ ಅಪ್’ ಆಗುತ್ತಿರುವ ಸಂಸ್ಥೆ ಇನ್ನೂ ಸತ್ತಿಲ್ಲ. ಸಾಯುವುದಕ್ಕೆ ಮೊದಲು ಋಣಗಳನ್ನು ತೀರಿಸುತ್ತಿದೆ. ನಾನು ‘ವಾಡಿಕೆಯ ಒಕ್ಕಣೆ’ ಎಂದು ತಳ್ಳಿಹಾಕಿದ ಎರಡನೆಯ ವಾಕ್ಯದಲ್ಲಿ ಇದ್ದುದು, ಬಾಕಿದಾರರು ಇಂಥ ದಿನದೊಳಗೆ ಲೆಕ್ಕ ಒಪ್ಪಿಸಬೇಕೆಂಬ ಆ ಕರೆಯೇ.

ಈಗ ನನ್ನ ಅರ್ಥದ ಗುಣದೋಷವನ್ನು ನೀವೇ ಹೇಳಬಲ್ಲಿರಿ. ‘ಮುಚ್ಚಿಹೋಯಿತು’ ಎಂಬುದು ಪೂರ್ತಿ ತಪ್ಪೇನೂ ಅಲ್ಲ. ನಿಘಂಟನ್ನು ತೆರೆದರೆ ಆ ಅರ್ಥವೂ ಅಲ್ಲಿ ಸಿಕ್ಕುತ್ತದೆ. ಆದರೆ ‘ಮುಚ್ಚು’ ಎಂಬ ಕನ್ನಡದ ಮಾತು ಬಾಗಿಲನ್ನು ತೋರಿಸುತ್ತದೆ. ‘ವೈಂಡ್ ಅಪ್’ ಎಂಬ ಇಂಗ್ಲಿಷಿನ ಮಾತು ನೂಲನ್ನು ತೋರಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಹೊರಗೆ ನಿಂತವನಿಗೆ ಏನೂ ಇಲ್ಲ. ನೂಲನ್ನು ಸುತ್ತುವಾಗಲಾದರೋ ಹರಡಿದ ಒಂದೊಂದು ಎಳೆಯ ತುದಿಯನ್ನೂ ಹುಡುಕಿ ಒಳಕ್ಕೆ ತರಬೇಕು. ಒಂದು ಕಡೆ ಬಿಚ್ಚಿದರೆ ತಾನೆ ಇನ್ನೊಂದು ಕಡೆ ಸುತ್ತುವುದು ಎಂದು ಮೊದಲೇ ಹೇಳಿದೆನಲ್ಲ, ಸಂಸ್ಥೆಯ ವಿಷಯದಲ್ಲಿಯೂ ಹಾಗೆಯೇ. ಅದರ ಗಂಟನ್ನು ಬಿಚ್ಚಿ, ಅವರವರ ಪಾಲನ್ನು ಅವರವರಿಗೆ ಸೇರಿಸುವ ಕಾಲ ಅದು. ದೊಡ್ಡಪ್ಪನವರದೂ ಅದರಲ್ಲಿ ಒಂದು ಎಳೆ. ನಾನು ಅದರ ತುದಿಯನ್ನು ಹುಡುಕಿ ಕೊಡಬೇಕಾಗಿತ್ತು. ಬಾಗಿಲು ಮುಚ್ಚಿತೆಂದು ಹೇಳಿ ಎಳೆಯನ್ನು ಕಡಿದುಹಾಕಿದೆ.

ಆ ಮೇಲಿನ ಕಥೆ ಚಿಕ್ಕದು. ಅದೇ ಬೀದಿಯ ಇನ್ನೊಬ್ಬರಿಗೂ ಅಂಥದೇ ಕಾಗದ ಬಂದಿತ್ತು. ಅವರು ಅದನ್ನು ವಕೀಲರ ಗುಮಾಸ್ತರೊಬ್ಬರಿಂದ ಓದಿಸಿ, ತಮ್ಮ ರಸೀತಿಗಳನ್ನು ಜೋಡಿಸಿ ಅಂಚೆಗೆ ಹಾಕಿದ್ದರು. ಮೂರು ವರ್ಷಗಳಾದ ಮೇಲೆ ಅವರಿಗೆ ರೂಪಾಯಿಗೆ ನಲವತ್ತು ಪೈಸೆಯಂತೆ ಹಣ ಬಂದಿತು. ಸುದ್ದಿ ತಿಳಿದು ನಾವು ಪಂಚಾಂಗದಿಂದ ಕಾಗದವನ್ನು ಹೊರತೆಗೆಯುವ ವೇಳೆಗೆ ಹಂಚಿಕೆ ಮುಗಿದಿತ್ತು. ಹದಿನೆಂಟು ಸಾವಿರಕ್ಕೆ ಆ ಲೆಕ್ಕದಲ್ಲಿ ಏಳು ಸಾವಿರದ ಇನ್ನೂರು ರೂಪಾಯಿ. ಅಷ್ಟು ಹಣ ಸಿಕ್ಕಿದ್ದರೆ ದೊಡ್ಡಪ್ಪನವರು ಗೂಡು ಕೊಳ್ಳುವುದಕ್ಕೆ ಮಾಡಿದ ಕೈಸಾಲವೊಂದು ತೀರುತ್ತಿತ್ತು. ನಾನು ಆ ವೇಳೆಗೆ ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದೆ. ಅವರ ಮುಂದೆ ನಿಂತು, “ತಪ್ಪು ಓದಿದೆ, ದೊಡ್ಡಪ್ಪ” ಎಂದೆ. “ತಪ್ಪು ಓದಲಿಲ್ಲಪ್ಪ, ಅರ್ಧ ಓದಿದೆ” ಎಂದರು. ಅಷ್ಟೇ; ಮತ್ತೆಂದೂ ಅವರು ಅದರ ಮಾತೆತ್ತಲಿಲ್ಲ. ಇಂಗ್ಲಿಷ್ ಕಾಗದ ಬಂದಾಗ ಆಮೇಲೂ ನನ್ನನ್ನೇ ಕರೆಸುತ್ತಿದ್ದರು. ನಾನು ಮಾತ್ರ ಅಂದಿನಿಂದ ಯಾವ ಕಾಗದವನ್ನೂ ಸಹಿಯವರೆಗೆ ಓದದೆ ಅರ್ಥ ಹೇಳಿದ್ದಿಲ್ಲ.

ಐದು ಅರ್ಥಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಆಕ್ಷೇಪ ತೋರುತ್ತದೆ. ಗಡಿಯಾರಕ್ಕೆ ‘ವೈಂಡ್ ಅಪ್’ ಆದರೆ ಅದು ನಡೆಯಲಾರಂಭಿಸುತ್ತದೆ. ಸಂಸ್ಥೆಗೆ ‘ವೈಂಡ್ ಅಪ್’ ಆದರೆ ಅದು ನಿಂತುಹೋಗುತ್ತದೆ. ಒಂದೇ ಮಾತು ಹುಟ್ಟನ್ನೂ ಸಾವನ್ನೂ ಹೇಳುವುದು ಹೇಗೆ? ಇದಕ್ಕೆ ಸಮಾಧಾನವಿದೆ. ಈ ಮಾತು ಗಡಿಯಾರದ ದೃಷ್ಟಿಯಿಂದ ಹುಟ್ಟಿದ್ದಲ್ಲ, ಸಂಸ್ಥೆಯ ದೃಷ್ಟಿಯಿಂದ ಹುಟ್ಟಿದ್ದೂ ಅಲ್ಲ. ಸುತ್ತುವವನ ಕೈಯನ್ನು ನೋಡಿ ಹುಟ್ಟಿದ್ದು. ಗಡಿಯಾರದಲ್ಲಾಗಲಿ ಗೂಡಿನಲ್ಲಾಗಲಿ ಲೆಕ್ಕದ ಪುಸ್ತಕದಲ್ಲಾಗಲಿ, ಇನ್ನು ಸುತ್ತುವುದಕ್ಕೆ ಏನೂ ಉಳಿದಿಲ್ಲ ಎನ್ನುವವರೆಗೆ ಸುತ್ತುವುದೇ ಆ ಕೈಯ ಕೆಲಸ. ಆಮೇಲೆ ಸುತ್ತಿಸಿಕೊಂಡ ವಸ್ತು ನಡೆಯುವುದೋ ನಿಲ್ಲುವುದೋ ಆ ವಸ್ತುವಿನ ಸ್ವಭಾವ.

ಆದುದರಿಂದ ಈ ಮಾತಿಗೆ ಒಂದೇ ಕನ್ನಡ ಮಾತನ್ನು ಹುಡುಕುವುದು ವ್ಯರ್ಥ. ಗಡಿಯಾರಕ್ಕಾದರೆ ‘ಕೀ ಕೊಡು’, ನೂಲಿಗಾದರೆ ‘ಸುತ್ತಿಬಿಡು’, ಭಾಷಣಕ್ಕಾದರೆ ‘ಉಪಸಂಹಾರಮಾಡು’, ನಿದ್ರೆಹೋದ ಪ್ರಯಾಣಿಕನಿಗಾದರೆ ‘ಹೋಗಿ ಸೇರಿದ’, ಸಂಸ್ಥೆಗಾದರೆ ‘ಲೆಕ್ಕ ತೀರಿಸಿ ಮುಗಿಸು’. ‘ಸಮಾಪನೆ’ ಎಂಬ ಕಚೇರಿಯ ಪದವನ್ನು ಕೇಳಿದವರಿಗೆ ಈ ಐದನೆಯ ಅರ್ಥವನ್ನು ಬಿಡಿಸಿ ಹೇಳುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ. ನಮ್ಮ ಊರುಗಳಲ್ಲಿ ಇಂದಿಗೂ ಬ್ಯಾಂಕಿನಿಂದಲೋ ಸಂಘದಿಂದಲೋ ನ್ಯಾಯಾಲಯದಿಂದಲೋ ಇಂಗ್ಲಿಷಿನಲ್ಲಿ ಕಾಗದಗಳು ಬರುತ್ತಲೇ ಇವೆ. ಅವುಗಳನ್ನು ಓದಿ ಹೇಳಲು ಮನೆಯ ಓದುವ ಹುಡುಗನನ್ನೋ ಹುಡುಗಿಯನ್ನೋ ಕರೆಯುತ್ತಲೇ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಮಕ್ಕಳಿದ್ದರೆ ಅವರಿಗೆ ಇಷ್ಟನ್ನು ಹೇಳಿಕೊಡಿ: ಪರಿಚಿತವಾದ ಮಾತು ಕಂಡೊಡನೆ ಅರ್ಥ ತಿಳಿಯಿತೆಂದು ಕಾಗದವನ್ನು ಮಡಿಸಬಾರದು. ಅದರ ಕೆಳಗಿನ ವಾಕ್ಯವನ್ನು ಓದಬೇಕು, ಅದರಲ್ಲಿ ತಾರೀಖು ಇದೆಯೇ ಎಂದು ನೋಡಬೇಕು, ಸಂದೇಹವಿದ್ದರೆ ತಿಳಿದವರನ್ನು ಕೇಳಬೇಕು. ತಿಳಿಯದೆಂದು ಹೇಳುವುದರಿಂದ ಆಗುವ ನಾಚಿಕೆ ಒಂದು ಗಳಿಗೆಯದು. ಅರ್ಧ ತಿಳಿದು ಹೇಳಿದ್ದರ ನಾಚಿಕೆ ಎಷ್ಟು ದಿನ ಇರುತ್ತದೆಂಬುದನ್ನು ನಾನು ಬಲ್ಲೆ.

ನನಗೆ ಗೊತ್ತುಮಾಡಿದ್ದ ಕಾಲ ಮುಗಿಯುತ್ತ ಬಂದಿತು. ಚಿಂತಾಮಣಿಯ ಭಾಷಣಕಾರರಂತೆ ವಾಕ್ಯದ ನಡುವೆ ಎದ್ದುಹೋಗದೆ, ಹೇಳಬೇಕಾದುದನ್ನೆಲ್ಲ ಹೇಳಿದ್ದೇನೆಂಬ ನಂಬಿಕೆಯಿಂದ ಈ ಮಾತನ್ನು ಮುಗಿಸುತ್ತೇನೆ.